ರಾಹುಕಾಲದ ಜಾಜ್

ಆ ಕಾಲಕ್ಕೆ ಕೊಳ್ಳೇಗಾಲದ ಸುತ್ತಮುತ್ತ ಕ್ಲಾರಿನೆಟ್ ಊದುವವರು ಮೂವರೇ ಇದ್ದೆವು. ಒಬ್ಬರಿಗೆ ಹಲ್ಲಿರಲಿಲ್ಲ. ಇನ್ನೊಬ್ಬರಿಗೆ ಕ್ಲಾರಿನೆಟ್ಟೇ ಇರಲಿಲ್ಲ. ಹೀಗಾಗಿ ಈ ಸೀಮೆಗೆಲ್ಲ ನಾನೇ ಮೊದಲನೆಯ ವಿದ್ವಾಂಸ ಎಂದು ನನಗೆ ನಾನೇ ಪಟ್ಟ ಕಟ್ಟಿಕೊಂಡಿದ್ದೆ. ಇದಕ್ಕೆ ಊರಿನಲ್ಲಿ ಯಾರೂ ತಕರಾರು ಮಾಡಿರಲಿಲ್ಲ. ಯಾಕೆಂದರೆ ನಾನು ಯಾರಿಗೂ ಹೇಳಿರಲಿಲ್ಲ. ಹೆಂಡತಿ ಪಾರ್ವತಿಗೆ ಮಾತ್ರ ಹೇಳಿದ್ದೆ. ಅವಳು ರಾಟೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಾ, "ಆಗ್ಲಿ, ಈಗ ಎದ್ದು ಉಣ್ಣಿ, ಮುದ್ದೆ ಆರೋಯ್ತದೆ" ಅಂದಿದ್ದಳು.

ನನ್ನ ಹೆಸರು ನಂಜುಂಡಯ್ಯ. ಕಸುಬು ರೇಷ್ಮೆ ಸೀರೆ ನೇಯುವುದು. ಲಗ್ನದ ತಿಂಗಳುಗಳಲ್ಲಿ ಮಾತ್ರ ಕೆಂಪು ಕೋಟು ಹಾಕಿಕೊಂಡು ಬ್ಯಾಂಡ್ ಸೆಟ್ಟಿನ ಮುಂದೆ ನಿಲ್ಲುತ್ತಿದ್ದೆ. ನನ್ನ ಹೆಗ್ಗಳಿಕೆಯೆಲ್ಲ ಬೆರಳಿನ ಓಟದಲ್ಲಿತ್ತು. ಬೇರೆಯವರು ಒಂದು ಸ್ವರ ಊದುವಷ್ಟರಲ್ಲಿ ನಾನು ಹದಿನಾರು ಊದಿ ಮುಗಿಸುತ್ತಿದ್ದೆ. ಆ ಹದಿನಾರರಲ್ಲಿ ಎಷ್ಟು ಬೇಕಾಗಿತ್ತು ಎಂಬ ಪ್ರಶ್ನೆ ನನ್ನ ತಲೆಗೆ ಬಂದಿರಲಿಲ್ಲ. ಮದುವೆ ಮನೆಯಲ್ಲಿ ಊದುವವನ ಸಂಕಟ ನಿಮಗೆ ಗೊತ್ತಿರಲಿಕ್ಕಿಲ್ಲ. ಅಲ್ಲಿ ಯಾರೂ ಕೇಳುವುದಿಲ್ಲ. ಎಲೆ ಹಾಕಿದರೋ ಇಲ್ಲವೋ ಎಂದು ಎಲ್ಲರ ಕಣ್ಣೂ ಪಂಕ್ತಿಯ ಕಡೆಗೇ ಇರುತ್ತದೆ. ಬೆರಳು ಓಡಿದರೆ ಮಾತ್ರ ನಾಲ್ಕು ಜನ ತಿರುಗಿ ನೋಡುತ್ತಾರೆ. ಅದಕ್ಕೇ ನಾನು ಓಡುತ್ತಿದ್ದೆ.

ಇದು ಅರವತ್ತರ ದಶಕದ ಮಾತು. ಒಂದು ದಿನ ಅಗರದ ಶಿವಲಿಂಗಪ್ಪನವರು ವೀಳ್ಯದ ತಟ್ಟೆ ಹಿಡಿದು ನಮ್ಮ ಜಗಲಿ ಹತ್ತಿದರು. ಗದ್ದೆ, ತೋಟ, ಜೋಡಿ ಎತ್ತು ಎಲ್ಲ ಇದ್ದ ಮನುಷ್ಯ. ಆದರೆ ಆ ದಿನ ಮುಖದಲ್ಲಿ ಕಳೆ ಇರಲಿಲ್ಲ.

"ನಂಜುಂಡಯ್ಯ, ನಮ್ ಮಗ್ಳು ಸರ್ವಮಂಗಳಂಗೆ ಲಗ್ನ ಗೊತ್ತಾಯ್ತು ಕಣಪ್ಪ. ವಾಲಗಕ್ಕೆ ಮುನಿಸ್ವಾಮಣ್ಣಂಗೆ ಏಳಿವ್ನಿ. ಬ್ಯಾಂಡ್‌ಗೆ ನೀನೇ ಬರ್ಬೇಕು."

"ಅದುಕ್ಕೇನಂತೆ, ಬತ್ತೀನಿ ಬುಡಿ."

ಅವರು ಸುತ್ತ ನೋಡಿ ದನಿ ತಗ್ಗಿಸಿದರು. "ಒಂದ್ ಇಸ್ಯ ಅದೆ. ಗಂಡಿನ ಕಡೆಯೋರು ಶಾಗ್ಯದೋರು. ಉಡ್ಗ ಮೈಸೂರ್ನಲ್ಲಿ ಓದ್ಬುಟ್ಟು ಅಲ್ಲೇ ಆಪೀಸ್ನಲ್ಲಿ ಅವ್ನೆ. ವಾಚ್ ಬ್ಯಾಡ, ಉಂಗ್ರ ಬ್ಯಾಡ, ಮದ್ವೇಲಿ ಒಸಿ ಜಾಜ್ ಇದ್ರೆ ಸಾಕು ಅಂದ್ಬುಟ್ಟ. ಅಂಗಂದ್ರೆ ಏನಪ್ಪ ಅಂತ ಅಳಿಯನ್ ಕೇಳಕೆ ನಂಗೆ ನಾಚ್ಕೆ ಆಯ್ತು. ಆಗ್ಲಿ ಅಂದ್ಬುಟ್ಟೆ. ಈ ಮಗೀಗೆ ಈಗಾಗ್ಲೇ ಎಲ್ಡ್ ಸಂಬಂಧ ತಪ್ಪೋಗದೆ. ಜಾತ್ಕ ಒಸಿ ಬಿಗಿ ಅದೆ ಅಂತ ಅಯ್ನೋರು ಗಳಿಗೆ ನೋಡಿ ನೋಡಿ ಮೂರ್ತ ಇಟ್ಟವ್ರೆ. ಇದೊಂದು ಸುಸೂತ್ರ ಆಗ್ಬೇಕು. ಅದೇನೋ ಜಾಜು, ನಿನ್ತಾವ ಅದಾ?"

ಜಾಜ್ ಎಂಬ ಮಾತನ್ನು ನಾನು ಅದುವರೆಗೆ ಎರಡು ಸಲ ಕೇಳಿದ್ದೆ. ಎರಡು ಸಲವೂ ಬಸ್ ಸ್ಟ್ಯಾಂಡಿನ ಹೋಟೆಲಿನ ರೇಡಿಯೋದಲ್ಲಿ. ಎರಡು ಸಲವೂ ಹೋಟೆಲಿನವನು ತಕ್ಷಣ ಅದರ ಕಿವಿ ತಿರುಗಿಸಿ ಬೇರೆ ಸ್ಟೇಷನ್ನು ಹಾಕಿದ್ದ. ಆದರೆ ಸೀಮೆಗೆ ಮೊದಲನೆಯ ವಿದ್ವಾಂಸನ ಬಾಯಲ್ಲಿ ಇಲ್ಲ ಎಂಬ ಮಾತು ಹೇಗೆ ಬಂದೀತು?

"ಅದೆ," ಅಂದೆ. "ಎಷ್ಟೊತ್ತಿಂದು ಬೇಕು?"

ಅವರ ಮುಖ ಅರಳಿತು. ವೀಳ್ಯ ಕೊಟ್ಟು, ಎರಡೆರಡು ಸಲ ಕೈ ಮುಗಿದು ಹೋದರು. ಪಾರ್ವತಿ ರಾಟೆ ನಿಲ್ಲಿಸಿದಳು.

"ಜಾಜ್ ಅಂದ್ರೆ ಏನು?"

"ಅದೆಲ್ಲ ಎಲ್ರಿಗೂ ಅರ್ಥ ಆಗದಲ್ಲ. ಕೆಲವರಿಗೆ ಮಾತ್ರ."

"ನೀವು ಆ ಕೆಲವರಲ್ಲಿ ಇದ್ದೀರಾ?"

ನಾನು ಮುಖ ತೊಳೆಯಲು ಹಿತ್ತಲಿಗೆ ಹೋದೆ.

ಮರುದಿನ ಬೆಳಿಗ್ಗೆಯೇ ಜ್ಞಾನಾರ್ಜನೆಗೆ ಹೊರಟೆ. ಮೊದಲು ನಾಗಸ್ವರದ ಮುನಿಸ್ವಾಮಣ್ಣನವರ ಮನೆ. ಅವರಿಗೆ ಎಪ್ಪತ್ತರ ಹತ್ತಿರ. ನಮ್ಮ ಕಡೆ ಮದುವೆಗಳಲ್ಲಿ ಬೀದಿಯ ಮೆರವಣಿಗೆ ಬ್ಯಾಂಡಿನದು, ಚಪ್ಪರದೊಳಗಿನ ಶಾಸ್ತ್ರ ವಾಲಗದ್ದು. ಆ ಗೆರೆಯನ್ನು ಅವರು ನಾಗಸ್ವರದ ತುದಿಯಿಂದಲೇ ಎಳೆದು ಇಟ್ಟಿದ್ದರು. ನಾನು ಬೀದಿಯವನು, ಅವರು ಒಳಗಿನವರು.

"ಜಾಜಾ?" ಎಂದು ಅವರು ಎಲೆಗೆ ಸುಣ್ಣ ಸವರುತ್ತಾ ಕೇಳಿದರು. "ತಾಳ ನಿಲ್ದೆ ಇರೋರು ಅದುಕ್ಕೊಂದ್ ಎಸ್ರು ಮಡಿಕಂಡವ್ರೆ ಕಣ್ಲಾ."

"ಅಂಗಲ್ಲ ಅಣ್ಣಾ. ಅದ್ರಲ್ಲಿ ಬರ್ದು ಇಟ್ಟಿದ್ದು ಏನೂ ಇರಲ್ವಂತೆ. ಅಲ್ಲಲ್ಲೇ ಉಟ್ಟಿಸ್ಕಂಡು ಊದ್ತಾರಂತೆ."

"ನಾನು ಆಲಾಪ್ನೆ ಊದ್ತೀನಲ್ಲ, ಅದುನ್ನ ಯಾವನ್ಲಾ ಬರ್ಕೊಟ್ಟಿರಾದು? ಐವತ್ ವರ್ಸದಿಂದ ಉಟ್ಟಿಸ್ತಾನೇ ಇವ್ನಿ. ಅಂಗಾರೆ ನಾನೂ ಜಾಜಾ?"

ಉತ್ತರವನ್ನೂ ಅವರೇ ಕೊಟ್ಟರು. "ಮೊದ್ಲು ಉಸುರು ಕಲ್ತ್ಕೊ. ಆಮೇಲೆ ಬೆರಳು. ಅವೆಲ್ಡೂ ನೆಟ್ಗಾದ್ಮೇಲೆ ಏನ್ ಬೇಕಾರೂ ಎಸ್ರು ಮಡಿಕೊ ಓಗು."

ಇದು ನನಗೆ ಸರಿಬರಲಿಲ್ಲ. ನನ್ನ ಬೆರಳು ಎಂದೋ ನೆಟ್ಟಗಾಗಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ. ಉಸಿರಂತೂ ಹುಟ್ಟಿದಾಗಿನಿಂದ ಇತ್ತು. ಆದ್ದರಿಂದ ಹನೂರು ಬಸ್ಸು ಹತ್ತಿ ಮಾರ್ಟಳ್ಳಿಗೆ ಹೋದೆ. ಅಲ್ಲಿ ಅಂತೋಣಿ ಎಂಬ ಹಿರಿಯರಿದ್ದರು. ಮಿಲಿಟರಿ ಬ್ಯಾಂಡಿನಲ್ಲಿ ಇಪ್ಪತ್ತು ವರ್ಷ ಟ್ರಂಪೆಟ್ ಊದಿ, ಪಿಂಚಣಿ ತೆಗೆದುಕೊಂಡು, ಊರಲ್ಲಿ ರಾಗಿ ಹೊಲ ಮಾಡಿಕೊಂಡಿದ್ದರು. ಮನೆಮಾತು ತಮಿಳು, ಕನ್ನಡ ಆಡುವಾಗಲೂ ಅದರ ಒಗ್ಗರಣೆ ಬೀಳುತ್ತಿತ್ತು.

"ವಾ ತಂಬಿ, ಕೂತ್ಕೊ. ಜಾಜ್ ಬೇಕಾ? ಸೆರಿ. ಮೊದ್ಲು ನೀನು ಊದು."

ನಾನು ನನ್ನ ಬತ್ತಳಿಕೆಯನ್ನೆಲ್ಲ ಖಾಲಿ ಮಾಡಿದೆ. ಹದಿನಾರು, ಮೂವತ್ತೆರಡು, ಮೇಲೆ ಹತ್ತಿ ಕೆಳಗೆ ಇಳಿದು, ಮತ್ತೆ ಹತ್ತಿದೆ. ಅವರು ಕಣ್ಣು ಮುಚ್ಚಿ ಕೇಳಿದರು.

"ಮುಗೀತಾ?"

"ಮುಗೀತು ಸಾ."

"ಬಸ್ಸು ತಪ್ಪೋಯ್ತದೆ ಅನ್ನಂಗೆ ಊದ್ತಾ ಇದ್ದೀಯ ತಂಬಿ. ಓಗ್ಲಿ ಬುಡು. ಇನ್ನೊಂದು ಬಸ್ಸು ಬರ್ತದೆ."

ಆಮೇಲೆ ಅವರು ಹೇಳಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ, ಆವತ್ತು ಮಾತ್ರ ಒಂದಕ್ಷರ ಕಿವಿಗೆ ಹಾಕಿಕೊಳ್ಳಲಿಲ್ಲ. "ಜಾಜ್ ಅಂದ್ರೆ ಪಾಟ್ಟು, ಅದೇ ಹಾಡು, ಅಲ್ಲ ತಂಬಿ. ಒಬ್ಬ ಊದ್ತಾನೆ, ಇನ್ನೊಬ್ಬ ಕೇಳ್ತಾನೆ. ಕೇಳ್ದೋನು ಆಮೇಲೆ ಊದ್ತಾನೆ. ಅಷ್ಟೇ."

"ಅಷ್ಟೇನಾ?"

"ಅಷ್ಟೇ. ಆದ್ರೆ ಕೇಳೋದು ಕಷ್ಟ. ನಮ್ ಬ್ಯಾಂಡ್‌ನಲ್ಲಿ ಬೆರಳು ಚುರುಕಾಗಿರೋರು ಬೇಕಾದಷ್ಟು ಇದ್ರು. ಕಿವಿ ಚುರುಕಾಗಿರೋನು ಒಬ್ಬನೇ ಇದ್ದ. ಅವನು ತಪ್ಪು ಊದಿದ್ರೂ ಚೆನ್ನಾಗಿ ಇರ್ತಿತ್ತು."

ತಪ್ಪು ಊದಿದರೂ ಚೆನ್ನಾಗಿರುವ ವಿದ್ಯೆ ನನಗೆ ಬಹಳ ಹಿಡಿಸಿತು. ಅದಕ್ಕೆ ಏನೇನು ಬೇಕು ಎಂದು ಕೇಳಿದೆ. ತಾಳದ ಮೇಲೆ ನೇರ ಕಾಲಿಡದೆ ಕೂದಲೆಳೆಯಷ್ಟು ಹಿಂದೆ ಇಡಬೇಕು ಎಂದರು. ಒಬ್ಬೊಬ್ಬರಿಗೆ ಒಂದೊಂದು ಸರದಿ ಎಂದರು. ಸರದಿ ಮುಗಿದ ಮೇಲೆ ಒಂದು ಬೆರಳು ಮೇಲೆತ್ತಬೇಕು, ಅದನ್ನು ನೋಡಿ ಎಲ್ಲರೂ ಒಟ್ಟಿಗೆ ಜೋರಾಗಿ ಹೊಡೆದುಕೊಂಡು ಬರುತ್ತಾರೆ ಎಂದರು. ಆ ಬೆರಳೆತ್ತುವುದನ್ನು ನಾನು ಒಂದೇ ಸಲಕ್ಕೆ ಕಲಿತೆ. ಇಡೀ ಜಾಜಿನಲ್ಲಿ ನನಗೆ ಸಂಪೂರ್ಣ ಕರಗತವಾದದ್ದು ಅದೊಂದೇ.

ನನ್ನ ಅವಸ್ಥೆ ನೋಡಿ ಕನಿಕರವಾಯಿತೋ ಏನೋ, ಅಂತೋಣಿಯವರು ತಾವೇ ಮದುವೆಗೆ ಬಂದು ಊದಲು ಒಪ್ಪಿದರು. ಮುಂದಿನ ವಾರದಿಂದ ನಮ್ಮ ಮಗ್ಗದ ಮನೆಯಲ್ಲೇ ಅಭ್ಯಾಸ ಶುರುವಾಯಿತು. ಎರಡು ಡ್ರಮ್ಮು, ಒಂದು ಟ್ರಂಪೆಟ್ಟು, ನನ್ನ ಕ್ಲಾರಿನೆಟ್ಟು. ಬೀದಿಯಲ್ಲಿ ನೇಯುವವರೆಲ್ಲ ಒಬ್ಬೊಬ್ಬರಾಗಿ ಬಾಗಿಲು ಹಾಕಿಕೊಂಡರು. ಸದ್ದು ಕೇಳಿ ಮುನಿಸ್ವಾಮಣ್ಣನವರೇ ಒಂದು ಮಧ್ಯಾಹ್ನ ನಾಗಸ್ವರದ ಚೀಲ ಹೆಗಲಿಗೆ ಹಾಕಿಕೊಂಡು ಬಂದುಬಿಟ್ಟರು.

ಅಂತೋಣಿಯವರು ಒಂದು ಸ್ವರದಿಂದ ಇನ್ನೊಂದಕ್ಕೆ ಮೆಲ್ಲಗೆ ಜಾರಿ ಇಳಿದರು.

"ಅಲ್ ಜಾರ್ಬುಟ್ರಿ," ಅಂದರು ಮುನಿಸ್ವಾಮಣ್ಣ.

"ಜಾರೋದೇ ಜಾಜು, ಪೆರಿಯವರೇ."

"ಜಾರದು ಇಂಗಲ್ಲ. ಇಂಗೆ." ಅವರು ನಾಗಸ್ವರ ತೆಗೆದು ಅದೇ ಜಾಗದಲ್ಲಿ ಅದೇ ಥರ ಜಾರಿ ತೋರಿಸಿದರು.

ಅಂತೋಣಿಯವರು ತಲೆ ಆಡಿಸಿದರು. "ಚೆನ್ನಾಗದೆ. ಆದ್ರೆ ಇದು ಜಾಜ್ ಅಲ್ಲ. ರೊಂಬ ಸುದ್ದ ಇದೆ."

"ನಿಮ್ದೂ ಚೆನ್ನಾಗದೆ. ಆದ್ರೆ ಗಮಕ ಅಲ್ಲ. ಒಸಿ ಕೊಳೆ ಅದೆ."

"ಆ ಕೊಳೇಲೇ ಜೀವ ಇರೋದು!"

"ಜೀವ ಸ್ರುತೀಲಿ ಇರ್ತದೆ ಸ್ವಾಮಿ, ಕೊಳೇಲಲ್ಲ!"

ಹೀಗೆ ಒಂದು ತಾಸು. ಒಬ್ಬರು ಊದುವುದು, ಇನ್ನೊಬ್ಬರು ಅದನ್ನೇ ಊದಿ ತಪ್ಪು ಹಿಡಿಯುವುದು. ಮೂಲೆಯಲ್ಲಿ ನೂಲು ಸುತ್ತುತ್ತಿದ್ದ ಪಾರ್ವತಿ ಕೊನೆಗೆ ಬಾಯಿ ಬಿಟ್ಟಳು. "ನಂಗೆ ಎಲ್ಡೂ ಒಂದೇ ತರ ಕೇಳ್ತು."

ಇಬ್ಬರೂ ಒಟ್ಟಿಗೆ ತಿರುಗಿ ಅವಳನ್ನು ದುರುಗುಟ್ಟಿ ನೋಡಿದರು. ಅವರಿಬ್ಬರೂ ಒಂದಾದದ್ದು ಅದೇ ಮೊದಲು. ಅವರು ಹೋದ ಮೇಲೆ ನಾನು ಅವಳಿಗೆ ಸಂಗೀತಶಾಸ್ತ್ರದ ಸೂಕ್ಷ್ಮಗಳ ವಿಷಯದಲ್ಲಿ ಗಂಭೀರವಾದ ಉಪನ್ಯಾಸ ಕೊಟ್ಟೆ. ಅವಳು ಪೂರ್ತಿ ಕೇಳಿಸಿಕೊಂಡು, "ನೀವು ಮಗ್ಗ ತುಳಿಯೋವಾಗ ಸದ್ದು ಎಷ್ಟ್ ಚೆನ್ನಾಗಿರ್ತದೆ. ಅದನ್ನ ಬಾಯ್ಗೆ ಇಟ್ಕಂಡ್ರೆ ಮಾತ್ರ ಯಾಕಿಂಗ್ ಓಡ್ತೀರಿ? ಅಲ್ಲಲ್ಲಿ ಒಸಿ ಸುಮ್ಕಿರ್ಬಾರ್ದಾ?" ಅಂದಳು. ಮಗ್ಗಕ್ಕೂ ಸಂಗೀತಕ್ಕೂ ಸಂಬಂಧ ಕಲ್ಪಿಸುವ ಅವಳ ಅಜ್ಞಾನವನ್ನು ನಾನು ಕ್ಷಮಿಸಿದೆ.

ಕ್ಷಮಿಸಿದೆನಾದರೂ ಆ ಮಾತು ತಲೆಯಲ್ಲಿ ಉಳಿಯಿತು. ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತಾಗ, ಕೂದಲೆಳೆಯಷ್ಟು ಹಿಂದೆ ಎಂಬುದನ್ನು ಅಲ್ಲೇ ಅಭ್ಯಾಸ ಮಾಡಿದರೆ ಹೇಗೆ ಎನ್ನಿಸಿತು. ತುಳಿಯುವುದನ್ನು ಸ್ವಲ್ಪ ತಡ ಮಾಡಿದೆ. ಲಾಳಿಯನ್ನು ಸ್ವಲ್ಪ ಮುಂಚೆ ಬಿಟ್ಟೆ. ಟಕ್, ಟಕ-ಟಕ್! ಆಹಾ! ಮೈಯೆಲ್ಲ ತೂಗಿತು. ಎರಡು ದಿನ ಹಾಗೆಯೇ ನೇಯ್ದೆ. ಮೂರನೆಯ ದಿನ ಪಾರ್ವತಿ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಸಾಲಾಗಿ ಇರಬೇಕಾದ ಜರಿ ಬುಟ್ಟಾಗಳು ಒಂದು ಮೇಲೆ, ಒಂದು ಕೆಳಗೆ ಕುಣಿಯುತ್ತಿದ್ದವು.

"ಇದೇನು?"

"ಜಾಜು," ಅಂದೆ.

ಅವಳು ಕೂತು ಒಂದೂವರೆ ಮೊಳ ಬಿಚ್ಚಿದಳು. ಒಂದು ಹಗಲು ಪೂರಾ ಬೇಕಾಯಿತು ಅದಕ್ಕೆ.

ಅಂತೂ ಮದುವೆ ಬಂತು. ಭಾನುವಾರ ಸಂಜೆ ಅಗರದ ಬೀದಿಯಲ್ಲಿ ಗಂಡಿನ ಮೆರವಣಿಗೆ. ಅಂತೋಣಿಯವರು ತಾಳದ ಹಿಂದೆ, ನಾನು ಅವರ ಮುಂದೆ, ಡ್ರಮ್ಮಿನವರು ಎಲ್ಲಿದ್ದರೋ ಅವರಿಗೇ ಗೊತ್ತು. ದಾರಿಯುದ್ದಕ್ಕೂ ಜನ ಕಾಲು ಎಲ್ಲಿಡಬೇಕೆಂದು ತಿಳಿಯದೆ ತಡವರಿಸಿದರು. ಒಬ್ಬ ಅಜ್ಜಿ ನನ್ನ ತೋಳು ಹಿಡಿದು, "ಉಸಾರಿಲ್ವೇನಪ್ಪ ನಿಂಗೆ?" ಎಂದು ಕೇಳಿದಳು. ಅದನ್ನೆಲ್ಲ ನಾನು ಲೆಕ್ಕಕ್ಕೆ ಇಡಲಿಲ್ಲ. ನನಗೆ ಬೇಕಾಗಿದ್ದದ್ದು ಮದುಮಗನ ಮೆಚ್ಚುಗೆ. ಮಹದೇವಸ್ವಾಮಿ ಎಂದು ಅವರ ಹೆಸರು. ಕನ್ನಡಕ ಹಾಕಿದ, ತಣ್ಣಗೆ ಮಾತಾಡುವ ಹುಡುಗ. ಮನೆ ಬಾಗಿಲಲ್ಲಿ ನನ್ನನ್ನು ಹತ್ತಿರ ಕರೆದರು.

"ನೀವು ಆಗ ಊದಿದ್ದು ಏನು?"

"ಜಾಜ್ ಸಾ."

"ಓ," ಅಂದರು.

ಅಷ್ಟೇ. ಒಂದು ಓ. ಹೊಗಳಿಕೆಯೂ ಅಲ್ಲ, ತೆಗಳಿಕೆಯೂ ಅಲ್ಲ. ಮಲಗಿದರೂ ಆ ಓ ಕಿವಿಯಲ್ಲಿ ಸುತ್ತುತ್ತಿತ್ತು. ಹುಡುಗನಿಗೆ ನನ್ನ ಬೆರಳಿನ ಓಟ ಸರಿಯಾಗಿ ಕೇಳಿಸಿಲ್ಲ, ಬೀದಿಯ ಗದ್ದಲದಲ್ಲಿ ಕಳೆದುಹೋಗಿದೆ ಎಂದು ತೀರ್ಮಾನಿಸಿದೆ. ನಾಳೆ ಹತ್ತಿರ ನಿಂತು ಊದಬೇಕು!

ಅವಕಾಶ ತಾನಾಗಿಯೇ ಒದಗಿತು. ಸೋಮವಾರ ಬೆಳಿಗ್ಗೆ ಏಳೂವರೆಯಿಂದ ಒಂಬತ್ತು ರಾಹುಕಾಲ. ಮುಹೂರ್ತ ಒಂಬತ್ತು ದಾಟಿದ ಮೇಲೆ. ಗಂಡು ಹೆಣ್ಣನ್ನು ಹಸೆಯ ಮೇಲೆ ಕೂರಿಸಿ, ತಾಳಿಯ ತಟ್ಟೆಯನ್ನು ಹಿರಿಯರೆಲ್ಲ ಮುಟ್ಟಿ ಹರಸಲಿ ಎಂದು ಚಪ್ಪರದ ತುಂಬ ಸುತ್ತಿಸುತ್ತಿದ್ದರು. ಶಿವಲಿಂಗಪ್ಪನವರು ಉತ್ಸಾಹದಿಂದ ನನ್ನ ಬಳಿ ಬಂದರು.

"ನಂಜುಂಡಯ್ಯ, ರಾವ್ಕಾಲ ಕಳಿಯಗಂಟ ಸುಮ್ಕೆ ಕೂರಾದ್ಯಾಕೆ? ಅಳಿಯಂದಿರ್ಗೆ ಒಸಿ ಜಾಜ್ ಬುಡು."

ಬೀದಿಯವನಿಗೆ ಒಳಗೆ ಬರಲು ಅಪ್ಪಣೆ! ಮುನಿಸ್ವಾಮಣ್ಣನವರ ಕಡೆ ನೋಡಿದೆ. ಅವರು ತಮ್ಮ ಡೋಲಿನವರ ಜೊತೆ ಚಪ್ಪರದ ಎದುರು ತುದಿಯಲ್ಲಿ ಚಾಪೆಯ ಮೇಲೆ ಕೂತಿದ್ದರು. ಮುಖ ತಿರುಗಿಸಿಕೊಂಡರು. ನಾನು ನೆಟ್ಟಗೆ ಹಸೆಯ ಹತ್ತಿರ ಹೋಗಿ, ಕೂತಿದ್ದ ಅಯ್ನೋರ ಬೆನ್ನ ಹಿಂದೆಯೇ ನಿಂತೆ. ಮದುಮಗನ ಕಿವಿಗೂ ನನ್ನ ಕ್ಲಾರಿನೆಟ್ಟಿಗೂ ಎರಡು ಮೊಳ ದೂರವಿತ್ತು.

ಅಂತೋಣಿಯವರು ಒಂದು ಚಿಕ್ಕ ಎಳೆ ಊದಿ ನನಗೆ ಬಿಟ್ಟರು. ನಾನು ಅದನ್ನು ಕೇಳಲಿಲ್ಲ, ಮುಗಿಯುವುದನ್ನೇ ಕಾಯುತ್ತಿದ್ದೆ. ಹೊರಟೆ ನೋಡಿ! ಹದಿನಾರು! ಮೂವತ್ತೆರಡು! ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ! ಹೋಗಿ ಹೋಗಿ ಒಂದು ನಾಲ್ಕು ಸ್ವರದ ಸುಳಿಯಲ್ಲಿ ಸಿಕ್ಕಿಕೊಂಡೆ. ಅದರಿಂದ ಹೊರಗೆ ಬರುವ ದಾರಿ ಕಾಣಲಿಲ್ಲ. ಅದನ್ನೇ ಊದಿದೆ. ಮತ್ತೆ ಅದನ್ನೇ. ಇನ್ನೂ ಜೋರಾಗಿ ಅದನ್ನೇ. ಬೆವರು ಕಣ್ಣಿಗೆ ಇಳಿಯಿತು.

"ಮುಗ್ಸು ತಂಬಿ," ಎಂದು ಅಂತೋಣಿಯವರು ಪಿಸುಗುಟ್ಟಿದರು.

ಮುಗಿಸುವ ಉಪಾಯ ನನಗೆ ಗೊತ್ತಿತ್ತಲ್ಲ! ಒಂದು ಕೈಯಲ್ಲಿ ಕ್ಲಾರಿನೆಟ್ಟನ್ನು ಆಕಾಶಕ್ಕೆತ್ತಿ, ಇನ್ನೊಂದು ಕೈಯ ಬೆರಳನ್ನು ಎತ್ತರಕ್ಕೆ ಎತ್ತಿದೆ.

ನಮ್ಮ ಮದುವೆಗಳಲ್ಲಿ ತಾಳಿ ಕಟ್ಟುವ ಗಳಿಗೆ ಬಂದಾಗ ಏನಾಗುತ್ತದೆ ಎಂದು ನಿಮಗೆ ಗೊತ್ತು. ಅಯ್ನೋರು ವಾಲಗದವರ ಕಡೆ ಬೆರಳೆತ್ತುತ್ತಾರೆ. ಬೆರಳು ಕಂಡ ತಕ್ಷಣ ಗಟ್ಟಿಮೇಳ. ಗಟ್ಟಿಮೇಳ ಕೇಳಿದ ತಕ್ಷಣ ಅಕ್ಷತೆ. ಯಾರೂ ಯೋಚನೆ ಮಾಡುವುದಿಲ್ಲ. ಕೈ ತಾನಾಗಿ ಏಳುತ್ತದೆ. ನೂರಾರು ಮದುವೆಗಳಲ್ಲಿ ಆ ಬೆರಳನ್ನು ಕಂಡವನು ನಾನು. ಅಯ್ನೋರ ತಲೆಯ ಹಿಂದಿನಿಂದಲೇ ನಾನು ಬೆರಳೆತ್ತಿದರೆ ಎದುರು ಕೂತ ಡೋಲಿನವರಿಗೆ ಅದು ಯಾರ ಬೆರಳಾಗಿ ಕಾಣುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲ!

ಬ್ಯಾಂಡು ಒಮ್ಮೆಗೇ ಹೊಡೆದುಕೊಂಡು ಬಂತು. ಅದಕ್ಕಿಂತ ಜೋರಾಗಿ ಡೋಲು ಸಿಡಿಯಿತು. ಗಟ್ಟಿಮೇಳ! ನಾಲ್ಕೂ ಕಡೆಯಿಂದ ಅಕ್ಷತೆ ಸುರಿಯಿತು. ಆಗಷ್ಟೇ ತಟ್ಟೆ ಸುತ್ತಿ ಬಂದಿತ್ತು. ಕಣ್ಣಿಗೆ ಒತ್ತಿಕೊಳ್ಳಿ ಎಂದು ತಾಳಿಯನ್ನು ಮದುಮಗನ ಕೈಗೆ ಕೊಟ್ಟು ಅಯ್ನೋರು ಪಂಚಾಂಗದಲ್ಲಿ ಕಣ್ಣಿಟ್ಟಿದ್ದರು. ಹುಡುಗ ಗಾಬರಿಯಲ್ಲಿ ಗಳಿಗೆ ಬಂತೆಂದುಕೊಂಡು ತಾಳಿಯನ್ನು ಸರ್ವಮಂಗಳಳ ಕೊರಳಿಗೆ ಹಿಡಿದು ಒಂದು ಗಂಟು ಹಾಕಿಯೇಬಿಟ್ಟ.

ಯಾರೋ ಕೈಗಡಿಯಾರ ನೋಡಿ ಕೂಗಿದರು. "ಎಂಟೂ ಮುಕ್ಕಾಲು! ರಾವ್ಕಾಲ ಕಣ್ರೋ!"

ಶಿವಲಿಂಗಪ್ಪನವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಟವಲನ್ನು ಬಾಯಿಗೆ ಒತ್ತಿಕೊಂಡು ನಿಂತಲ್ಲೇ ಕುಸಿದು ಕೂತರು. ಹುಡುಗಿ ತಲೆ ತಗ್ಗಿಸಿಯೇ ಇದ್ದಳು. ನನಗೆ ಆಗ ನಾಚಿಕೆಯಾಗಲಿಲ್ಲ, ಭಯವಾಯಿತು. ಎರಡು ಸಂಬಂಧ ತಪ್ಪಿದ ಹುಡುಗಿ. ಮುಂದೆ ಅವಳಿಗೆ ಸಣ್ಣ ಜ್ವರ ಬಂದರೂ ಜನ ಈ ಗಳಿಗೆಯನ್ನು ನೆನೆಯುತ್ತಾರೆ. ನನ್ನ ಒಣ ಜಂಬವನ್ನು ಆ ಮಗುವಿನ ಕೊರಳಿಗೆ ಕಟ್ಟಿಸಿಬಿಟ್ಟೆನಲ್ಲ!

"ನಿಲ್ಸೀ! ನಿಲ್ಸೀ!" ಎಂದು ಅಯ್ನೋರು ಎದ್ದು ಕೈ ಬೀಸಿದರು. ಬ್ಯಾಂಡು ನಿಂತಿತು. ಮುನಿಸ್ವಾಮಣ್ಣನವರ ನಾಗಸ್ವರ ಮಾತ್ರ ನಿಲ್ಲಲಿಲ್ಲ. ಕಣ್ಣಲ್ಲೇ ಡೋಲಿನವರಿಗೆ ನಡೆಸು ಎಂದರು. ಒಂದು ಉಸಿರಿನಷ್ಟು ಹೊತ್ತು ಬಾಯಿಂದ ತೆಗೆದು ಕೂಗಿದರು.

"ಗಟ್ಟಿಮೇಳ ನಿಲ್ಲಗಂಟ ತಾಳಿ ಕಟ್ಟಾಯ್ತು ಅನ್ನಂಗಿಲ್ಲ ಅಯ್ನೋರೇ! ಇನ್ನೂ ಎಲ್ಡ್ ಗಂಟವೆ!"

ಅಯ್ನೋರು ಬೀಸುತ್ತಿದ್ದ ಕೈ ಇಳಿಸಿದರು. ದೊಡ್ಡ ಮನುಷ್ಯ, ತಕ್ಷಣ ಹಿಡಿದರು. "ದಿಟ! ಮೂರ್ ಗಂಟಾದ್ರೇನೇ ತಾಳಿ! ಮದ್ಲಿಂಗ, ಕೈ ಬುಡ್ಬ್ಯಾಡ! ಅಂಗೇ ಇಡ್ಕೊ! ನಾನು ಅನ್ನಗಂಟ ಎಲ್ಡ್ನೇ ಗಂಟು ಆಕ್ಬ್ಯಾಡ!"

ಹೀಗೆ ಗಟ್ಟಿಮೇಳವನ್ನು ಒಂಬತ್ತು ದಾಟುವವರೆಗೆ ಎಳೆಯಬೇಕಾಯಿತು. ಎರಡು ನಿಮಿಷದ ಕೆಲಸವದು. ಉಸಿರು ಬಿಗಿಹಿಡಿದು ಊದಿ ಮುಗಿಸುವಂಥದು. ಎಪ್ಪತ್ತು ವರ್ಷದ ಮುದುಕರು ಕಾಲು ಗಂಟೆ ಊದಬೇಕು! ಐದು ನಿಮಿಷಕ್ಕೆ ಅವರ ಕೊರಳ ನರ ಉಬ್ಬಿತು, ನಾದ ನಡುಗಿತು. ಆಗ ಅಂತೋಣಿಯವರು ಟ್ರಂಪೆಟ್ ಎತ್ತಿದರು. ಮುದುಕರು ಬಿಟ್ಟ ಸ್ವರವನ್ನೇ ಹಿಡಿದು, ಅದೇ ಎಳೆಯನ್ನು ಸ್ವಲ್ಪ ಬಗ್ಗಿಸಿ ಮುಂದುವರಿಸಿದರು. ಮುನಿಸ್ವಾಮಣ್ಣ ಕೇಳಿದರು. ನಿಜವಾಗಿ ಕೇಳಿದರು. ಅವರ ಮುಖದಲ್ಲಿ ನಗು ಬಂತು. ಉಸಿರು ತುಂಬಿಕೊಂಡು, ಆ ಬಾಗಿದ ಜಾಗದಿಂದಲೇ ಎತ್ತಿಕೊಂಡು ಇನ್ನೂ ಮೇಲಕ್ಕೆ ಕರೆದೊಯ್ದರು. ಆಮೇಲೆ ಇವರು, ಆಮೇಲೆ ಅವರು. ಡೋಲು ಮತ್ತು ಡ್ರಮ್ಮು ತಮ್ಮತಮ್ಮಲ್ಲೇ ಮಾತಾಡಿಕೊಂಡವು. ಮುಂದಿನ ಸ್ವರ ಯಾವುದೆಂದು ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಚಪ್ಪರದಲ್ಲಿ ಎಲೆಯ ಕಡೆ ನೋಡುವವರು ಒಬ್ಬರೂ ಇರಲಿಲ್ಲ. ನನ್ನ ಜನ್ಮದಲ್ಲಿ ಮದುವೆ ಮನೆಯೊಂದು ಸಂಗೀತ ಕೇಳಿದ್ದನ್ನು ನಾನು ಆವತ್ತೇ ನೋಡಿದ್ದು.

ಅಂತೋಣಿಯವರು ನನ್ನ ಕಡೆ ತಿರುಗಿ ಹುಬ್ಬು ಏರಿಸಿದರು. ನನ್ನ ಸರದಿ! ಕ್ಲಾರಿನೆಟ್ಟನ್ನು ಬಾಯಿಗಿಟ್ಟು ಊದಿದೆ. ಪೀಕ್ ಎಂದು ಇಲಿ ಮರಿಯ ಸದ್ದು ಕೂಡ ಬರಲಿಲ್ಲ. ಆಕಾಶಕ್ಕೆ ಬಾಯಿ ತೆರೆದು ಹಿಡಿದಿದ್ದೆನಲ್ಲ, ಊರಿನವರು ಹಾಕಿದ ಅಕ್ಷತೆಯಲ್ಲಿ ಒಂದು ಪಾಲು ನೆಟ್ಟಗೆ ಅದರ ಹೊಟ್ಟೆಗೆ ಇಳಿದಿತ್ತು! ತೂತುಗಳಲ್ಲೆಲ್ಲ ಅರಿಶಿನದ ಒದ್ದೆ ಅಕ್ಕಿ. ಸರದಿ ದಾಟಿಹೋಯಿತು. ಮತ್ತೆ ಬಂತು. ಮತ್ತೂ ಒಮ್ಮೆ ಬಂತು. ಮೂರು ಸಲವೂ ನಾನು ಕ್ಲಾರಿನೆಟ್ಟನ್ನು ಎದೆಗೆ ಅವುಚಿಕೊಂಡು ಸುಮ್ಮನೆ ನಿಂತೆ. ಬೇರೆ ಕೆಲಸವಿಲ್ಲದ್ದರಿಂದ ಕೇಳಿದೆ.

ಒಂಬತ್ತು ದಾಟಿತು. ಅಯ್ನೋರು ನಿಜವಾದ ಬೆರಳನ್ನು ಎತ್ತಿದರು. ಎರಡು ಗಂಟು ಬಿದ್ದವು. ಇನ್ನೊಂದು ಸುತ್ತು ಅಕ್ಷತೆ ಬಿತ್ತು. ಈ ಸಲ ನಾನು ಕ್ಲಾರಿನೆಟ್ಟನ್ನು ಕೆಳಮುಖ ಮಾಡಿದ್ದೆ. ಶಿವಲಿಂಗಪ್ಪನವರು ಎದ್ದು ಬಂದು, ಅಳುತ್ತಾ, ಮುನಿಸ್ವಾಮಣ್ಣನವರ ಕಾಲು ಮುಟ್ಟಿದರು.

ಆ ಇಬ್ಬರು ಹಿರಿಯರು ಊಟದ ಎಲೆಯ ಮುಂದೆ ಅಕ್ಕಪಕ್ಕ ಕೂತರು. "ಈಗ ಒಪ್ತೀರಾ, ಅದು ಜಾಜ್ ಅಂತ?" ಎಂದರು ಇವರು. "ಸುದ್ದವಾದ ಆಲಾಪ್ನೆ ಕಣ್ರಿ ಅದು, ನೀವೂ ಒಸಿ ಚೆನ್ನಾಗೇ ಊದುದ್ರಿ" ಎಂದರು ಅವರು. ಪಾಯಸ ಬರುವವರೆಗೂ ಅದು ಇತ್ಯರ್ಥವಾಗಲಿಲ್ಲ.

ನಾನು ಹಿಂದಿನ ಬಾಗಿಲಿನಿಂದ ಬಸ್ಸಿಗೆ ಜಾರುತ್ತಿದ್ದೆ. ಮದುಮಗ ಕರೆದರು. ಕಾಲು ಒಲ್ಲದಿದ್ದರೂ ಹೋದೆ.

"ನಂಜುಂಡಯ್ಯನವರೇ, ನಿನ್ನೆ ಕೇಳಿ ನನಗೆ ಸ್ವಲ್ಪ ಬೇಸರವಾಗಿತ್ತು. ಆದರೆ ಇವತ್ತು ನಡೆದದ್ದು ಜಾಜ್! ಅದರಲ್ಲೂ ನಿಮ್ಮದು. ಮೂರು ಸಲ ನಿಮ್ಮ ಸರದಿ ಬಂತು. ಮೂರು ಸಲವೂ ನೀವು ಊದಲಿಲ್ಲ, ಜಾಗ ಬಿಟ್ಟುಕೊಟ್ಟಿರಿ. ವಾದ್ಯ ಎದೆಗಿಟ್ಟು ಕೇಳುತ್ತಾ ನಿಂತಿರಿ. ಬೆರಳು ಓಡಿಸುವವರು ಎಲ್ಲೆಲ್ಲೂ ಸಿಗುತ್ತಾರೆ. ಎಲ್ಲಿ ಊದಬಾರದು ಎಂದು ತಿಳಿಯಲು ಅಭಿರುಚಿ ಬೇಕು."

ಅಷ್ಟರಲ್ಲಿ ನನ್ನ ಕ್ಲಾರಿನೆಟ್ಟಿನಿಂದ ಎರಡು ಕಾಳು ಅಕ್ಷತೆ ಅವರ ಪಾದದ ಮೇಲೆ ಬಿತ್ತು. ಆಶೀರ್ವಾದವೆಂದು ಭಾವಿಸಿ ಅವರು ಕೈ ಮುಗಿದರು.

"ಎಲ್ಲ ಅಭ್ಯಾಸ ಸಾ," ಅಂದೆ.

ಮನೆಗೆ ಬಂದು ಪಾರ್ವತಿಯ ಮುಂದೆ ಎಲ್ಲವನ್ನೂ ಹೇಳಿದೆ. ಬೆರಳಿನ ವಿಷಯ ಸ್ವಲ್ಪ ಬೇಗ ದಾಟಿಸಿ, ಮೈಸೂರಿನಲ್ಲಿ ಓದಿದ ಕನ್ನಡಕದವರ ಹೊಗಳಿಕೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಿದೆ. ಅವಳು ರಾಟೆ ತಿರುಗಿಸುತ್ತಲೇ ಕೇಳಿದಳು.

"ಅಂದ್ರೆ, ನೀವು ಊದ್ದೆ ಇದ್ದಾಗ ಬೋ ಚೆನ್ನಾಗಿತ್ತು ಅಂದ್ರಾ?"

"ಹೂಂ. ಅಭಿರುಚಿ ಅಂದ್ರು."

"ಅದ್ನೇ ನಾನು ಹನ್ನೊಂದ್ ವರ್ಸದಿಂದ ಏಳ್ತಾ ಇವ್ನಿ. ನಂಗೆ ಕನ್ನಡ್ಕ ಇಲ್ಲ ಅಂತ ತಾನೇ ನೀವು ಕೇಳ್ನಿಲ್ಲ?"

ಇದಕ್ಕೆ ತಕ್ಕ ಉತ್ತರ ಕೊಡಲು ಬಾಯಿ ತೆರೆದೆ. ನನ್ನ ಸರದಿಯೂ ಬಂದಿತ್ತು. ಅಷ್ಟರಲ್ಲಿ ನನಗೆ ಒಳ್ಳೆಯ ಅಭಿರುಚಿ ಇದೆ ಎಂಬುದು ನೆನಪಾಗಿ, ಬಾಯಿ ಮುಚ್ಚಿಕೊಂಡು, ಒಂದು ಕಡ್ಡಿ ಹುಡುಕಿ ಕ್ಲಾರಿನೆಟ್ಟಿನಿಂದ ಅಕ್ಕಿ ತೆಗೆಯುತ್ತಾ ಕೂತೆ.